ನೆತ್ತಿಯಲ್ಲಿ ದೇವರಿಲ್ಲದ ಬೆಟ್ಟ

ನಮ್ಮ ಕಡೆ ಬೆಟ್ಟಕ್ಕೂ ಅದನ್ನು ಹತ್ತುವವರಿಗೂ ಒಂದು ಕರಾರು ಇದೆ. ಮೊಣಕಾಲು ನೋಯಿಸಿಕೊಂಡು, ಏದುಸಿರು ಬಿಡುತ್ತಾ ಮೇಲೆ ಹೋದವರಿಗೆ ತುದಿಯಲ್ಲಿ ಒಂದು ಗುಡಿ ಸಿಗಬೇಕು. ಗುಡಿ ಇಲ್ಲದಿದ್ದರೆ ಒಂದು ಗದ್ದುಗೆಯಾದರೂ ಇರಬೇಕು. ಚಾಮುಂಡಿ ಬೆಟ್ಟದ ಮೆಟ್ಟಿಲುಗಳು ಮುಗಿಯುವಲ್ಲಿ ತಾಯಿ ಕೂತಿದ್ದಾಳೆ. ಮುಳ್ಳಯ್ಯನಗಿರಿಯ ತುದಿಯಲ್ಲಿ ಮುಳ್ಳಯ್ಯನ ಗದ್ದುಗೆ, ಕೊಡಚಾದ್ರಿಯ ಮೇಲೆ ಸರ್ವಜ್ಞಪೀಠ. ಕೈ ಮುಗಿದು, ಕಟ್ಟೆಯ ಮೇಲೆ ಕಾಲು ಚಾಚಿ, ಕಟ್ಟಿಕೊಂಡು ಹೋದ ಚಿತ್ರಾನ್ನದ ಪೊಟ್ಟಣ ಬಿಚ್ಚಿದರೆ ಹತ್ತಿದ್ದಕ್ಕೆ ಲೆಕ್ಕ ಸರಿಹೋಯಿತು. ಟ್ರೆಕ್ಕಿಂಗ್ ಶೂ ಹಾಕಿಕೊಂಡು ಹೋಗುವ ಈಗಿನ ಹುಡುಗರೂ ಈ ಕರಾರನ್ನು ಪೂರ್ತಿ ಮುರಿದಿಲ್ಲ. ಗುಡಿಯ ಮುಂದೆ ಒಂದು ಫೋಟೊ ತೆಗೆದುಕೊಂಡೇ ಇಳಿಯುತ್ತಾರೆ.

ಇಂಡೊನೇಷ್ಯಾದ ಪೂರ್ವ ಜಾವಾದಲ್ಲಿರುವ ಅಗ್ನಿಪರ್ವತ ಬ್ರೊಮೊ ಈ ಕರಾರಿಗೆ ಸಹಿ ಹಾಕಿಲ್ಲ. ಅಲ್ಲಿ ಗುಡಿ ಇರುವುದು ಬುಡದಲ್ಲಿ. ತುದಿಯಲ್ಲಿ ಏನೂ ಇಲ್ಲ. ಏನೂ ಇಲ್ಲ ಎಂದರೆ ಅಕ್ಷರಶಃ ಏನೂ ಇಲ್ಲ, ಬೆಟ್ಟವೇ ಇಲ್ಲ. ನೆತ್ತಿ ಇರಬೇಕಾದ ಜಾಗದಲ್ಲಿ ಉದ್ದ 800 ಮೀಟರ್, ಅಗಲ 600 ಮೀಟರ್ ಆಸುಪಾಸಿನ ಒಂದು ಕುಳಿ. ಅದರ ತಳದಿಂದ ಹಗಲೂ ರಾತ್ರಿ ಹೊಗೆ ಏಳುತ್ತಿರುತ್ತದೆ. ಜೊತೆಗೆ ಬಂದಿದ್ದ ಭಾವಮೈದ ಮೊದಲ ನೋಟಕ್ಕೇ ತೀರ್ಪು ಕೊಟ್ಟುಬಿಟ್ಟ: “ಭಾವ, ಇಷ್ಟು ಖರ್ಚು ಮಾಡ್ಕೊಂಡು ಬಂದಿದ್ದು ಒಂದು ಹೊಂಡ ನೋಡೋದಕ್ಕಾ?”

ಹೌದು, ಹೊಂಡ ನೋಡುವುದಕ್ಕೇ. ಆದರೆ ಆ ಹೊಂಡದ ಹತ್ತಿರ ಹೋಗುವ ದಾರಿ ದೊಡ್ಡದು.

ಸುರಾಬಾಯಾ ನಗರದಿಂದ ಪ್ರೊಬೊಲಿಂಗೊ ಕಡೆಗೆ ಹೊರಟು, ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ರಸ್ತೆ ಏರತೊಡಗುತ್ತದೆ. ಮೊದಲು ಭತ್ತದ ಗದ್ದೆ ಹಿಂದೆ ಬೀಳುತ್ತದೆ, ಆಮೇಲೆ ಸೆಕೆ. ಮೇಲೆ ಹೋದಂತೆ ಎಲೆಕೋಸು, ಆಲೂಗೆಡ್ಡೆ, ಈರುಳ್ಳಿ ಸೊಪ್ಪಿನ ಹೊಲಗಳು. ನಿಂತು ಉಳುವುದಿರಲಿ, ನಿಲ್ಲುವುದೇ ಕಷ್ಟ ಎನ್ನುವಂಥ ಇಳಿಜಾರಿನಲ್ಲಿ ಸಾಲು ಹೊಡೆದು ಬೆಳೆದಿದ್ದಾರೆ. ಮಣ್ಣು ಕಪ್ಪಗೆ, ಪುಡಿಪುಡಿಯಾಗಿ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಇದು ತೆಂಗೆರ್ ಜನರ ನಾಡು. ಜಾವಾ ದ್ವೀಪದ ಬಹುಪಾಲು ಜನ ಇಸ್ಲಾಮಿಗೆ ಹೋದ ಮೇಲೂ ಈ ಬೆಟ್ಟದ ಸೀಮೆಯವರು ಹಿಂದೂಗಳಾಗಿಯೇ ಉಳಿದರು. ತಾವು ಜಾವಾದ ಹಳೆಯ ಹಿಂದೂ ರಾಜ್ಯ ಮಜಾಪಹಿತ್‌ನ ಕಾಲದವರ ಸಂತಾನ ಎಂದು ಹೇಳಿಕೊಳ್ಳುತ್ತಾರೆ. ಗಂಡಸರೂ ಹೆಂಗಸರೂ ಲುಂಗಿಯಂಥ ಸಾರೋಂಗನ್ನು ಸೊಂಟಕ್ಕಲ್ಲ, ಚಳಿಗೆ ಹೆಗಲಿಗೆ ಸುತ್ತಿಕೊಂಡು ಕತ್ತಿನ ಹಿಂದೆ ಗಂಟು ಹಾಕಿರುತ್ತಾರೆ. ಎರಡು ಸಾವಿರ ಮೀಟರ್ ಎತ್ತರದ ಚಳಿಗೆ ಅದಕ್ಕಿಂತ ಒಳ್ಳೆಯ ಉಡುಪು ನನಗಂತೂ ಕಾಣಲಿಲ್ಲ.

ಚೆಮೊರೊ ಲಾವಾಂಗ್ ಎಂಬ ಹಳ್ಳಿಗೆ ಬಂದರೆ ರಸ್ತೆ ಒಮ್ಮೆಲೇ ಅಂಚಿಗೆ ಬಂದು ನಿಲ್ಲುತ್ತದೆ. ಮುಂದೆ ಪ್ರಪಾತ. ಪ್ರಪಾತದ ಕೆಳಗೆ ಸಪಾಟಾದ ಬೂದುಬಣ್ಣದ ಮರಳು, ಮೈಲಿಗಟ್ಟಲೆ. ಒಂದಾನೊಂದು ಕಾಲಕ್ಕೆ ಇಲ್ಲಿ ಬಹಳ ದೊಡ್ಡ ಅಗ್ನಿಪರ್ವತವಿತ್ತು. ಒಳಗಿನದನ್ನೆಲ್ಲ ಕಕ್ಕಿ ಬರಿದಾದ ಮೇಲೆ ಅದರ ತಲೆ ಕುಸಿದು ಒಳಕ್ಕೆ ಬಿತ್ತು. ಉಳಿದದ್ದು ಹತ್ತು ಕಿಲೋಮೀಟರಿನಷ್ಟು ಅಗಲದ ಈ ಬಟ್ಟಲು, ಅದರ ಸುತ್ತ ಗೋಡೆ. ಆಮೇಲೆ ಈ ಬಟ್ಟಲಿನೊಳಗೇ ಹೊಸ ಗುಡ್ಡಗಳು ಎದ್ದವು: ಬಾತೊಕ್, ವಿದೊದಾರೆನ್, ಕುರ್ಸಿ, ವಾತಾಂಗನ್, ಕಡೆಗೆ ಬ್ರೊಮೊ. ಕ್ಯಾಲೆಂಡರುಗಳಲ್ಲಿ ‘ಬ್ರೊಮೊ’ ಎಂದು ಅಚ್ಚಾಗುವ ಚಿತ್ರದಲ್ಲಿ ಎದ್ದು ಕಾಣುವ, ಮೈತುಂಬ ಮಡಿಕೆಗಳಿರುವ ಹಸಿರು ಗುಡ್ಡ ಬ್ರೊಮೊ ಅಲ್ಲ, ಬಾತೊಕ್. ಅದು 2,470 ಮೀಟರ್, ಚೆಂದಕ್ಕಿದೆ, ತಣ್ಣಗಿದೆ. 2,329 ಮೀಟರಿನ ಬ್ರೊಮೊ ಅದರ ಪಕ್ಕದಲ್ಲಿ ತಲೆ ಹಾರಿಹೋದ ಬೂದಿಗುಪ್ಪೆಯಾಗಿ ಕೂತಿರುತ್ತದೆ. ಚಿತ್ರ ತೆಗೆಯುವವರು ಒಬ್ಬನ ಹೆಸರು ಹೇಳಿ ಇನ್ನೊಬ್ಬನ ಮುಖ ತೋರಿಸುತ್ತಾರೆ.

ಎಲ್ಲಕ್ಕೂ ಹಿಂದೆ, ದಕ್ಷಿಣದಲ್ಲಿ, ಸೆಮೇರು. 3,676 ಮೀಟರ್, ಜಾವಾದಲ್ಲೇ ಎತ್ತರದ್ದು. ಆಗಾಗ ಒಂದು ಉಂಡೆ ಹೊಗೆ ಬಿಟ್ಟು ಸುಮ್ಮನಾಗುತ್ತದೆ. ಹೆಸರು ನಮ್ಮ ಸುಮೇರುವಿನದೇ. ಹೆಸರಷ್ಟೇ ಅಲ್ಲ, ಬೆಟ್ಟವೂ ನಮ್ಮದೇ ಎನ್ನುತ್ತದೆ ‘ತಂತು ಪಂಗೆಲಾರನ್’ ಎಂಬ ಹಳೆಯ ಜಾವಾ ಗ್ರಂಥ. ಅದರ ಪ್ರಕಾರ ಜಾವಾ ದ್ವೀಪ ಮೊದಲು ಸಮುದ್ರದ ಮೇಲೆ ಅಲುಗಾಡುತ್ತಿತ್ತು. ಅದು ನೆಲೆ ನಿಲ್ಲಲಿ ಎಂದು ದೇವತೆಗಳು ಜಂಬೂದ್ವೀಪದಿಂದ ಮಹಾಮೇರುವನ್ನು ಕಿತ್ತು ಹೊತ್ತು ತಂದರು. ಮೊದಲು ಪಶ್ಚಿಮದಲ್ಲಿ ಇಟ್ಟರೆ ದ್ವೀಪ ಆ ಕಡೆಗೆ ವಾಲಿತು. ಪೂರ್ವಕ್ಕೆ ಸಾಗಿಸುವಾಗ ದಾರಿಯುದ್ದಕ್ಕೂ ಉದುರಿದ ಚೂರುಗಳು ಉಳಿದ ಬೆಟ್ಟಗಳಾದವು. ಜಂಬೂದ್ವೀಪದಿಂದ ಹೋದ ನಾನು ಇದನ್ನು ಕೇಳಿ ಸ್ವಲ್ಪ ಹೆಮ್ಮೆಪಟ್ಟೆ. ಆದರೆ 2021ರ ಡಿಸೆಂಬರ್ 4ರಂದು ಇದೇ ಸೆಮೇರು ಬಿಸಿ ಬೂದಿ, ಕಲ್ಲುಗಳ ಹೊಳೆ ಹರಿಸಿ ಐವತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. ಅಲುಗಾಡಬಾರದೆಂದು ತಂದಿಟ್ಟ ಬೆಟ್ಟ ತಾನೇ ಅಲುಗಾಡುತ್ತಿದೆ.

ಭೂವಿಜ್ಞಾನಿಗಳು ಹೇಳುವುದು ಬೇರೆ ಕತೆ. ಹಿಂದೂ ಮಹಾಸಾಗರದ ತಳದ ಫಲಕವೊಂದು ಜಾವಾದ ಅಡಿಗೆ ನುಗ್ಗುತ್ತಿದೆ. ಅದರೊಂದಿಗೆ ಇಳಿದ ನೀರು ಆಳದಲ್ಲಿ ಹೊರಬಂದು ಮೇಲಿನ ಕಲ್ಲನ್ನು ಕರಗಿಸುತ್ತದೆ. ಅನಿಲ ತುಂಬಿದ ಆ ಪಾಕ ಮೇಲೆ ಬರುತ್ತದೆ. ಇಂಡೊನೇಷ್ಯಾದಲ್ಲಿ ಹೀಗೆ 127 ಜೀವಂತ ಅಗ್ನಿಪರ್ವತಗಳನ್ನು ಲೆಕ್ಕ ಹಾಕಿದ್ದಾರೆ. ನಮ್ಮ ಕರ್ನಾಟಕವೂ ಭೂಮಿಯ ಬೆಂಕಿಯಿಂದ ಪೂರ್ತಿ ಹೊರತಲ್ಲ. ವಿಜಯಪುರ, ಕಲಬುರಗಿ, ಬೀದರಿನ ಕಪ್ಪು ಕಲ್ಲು, ಎರೆಮಣ್ಣು ಎರಡೂ ಲಾವಾದ ಮಕ್ಕಳೇ. ಗೋಲಗುಂಬಜ್ ಕಟ್ಟಿರುವುದೂ ಆ ಕಲ್ಲಿನಿಂದಲೇ. ಆದರೆ ನಮ್ಮಲ್ಲಿ ಲಾವಾ ಬೆಟ್ಟದ ತುದಿಯಿಂದ ಚಿಮ್ಮಲಿಲ್ಲ, ನೆಲದ ಬಿರುಕುಗಳಿಂದ ಹರಿದು ಹಾಸಿಕೊಂಡಿತು. ಅದು ತಣ್ಣಗಾಗಿ ಸುಮಾರು 6.6 ಕೋಟಿ ವರ್ಷ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಅದಕ್ಕಿಂತಲೂ ಹಳೆಯವು. ಅವುಗಳ ಮೇಲೆ ಕೂತು ಮಂಡಕ್ಕಿ ತಿನ್ನುವವರಿಗೆ ಕೆಳಗೆ ಬೆಂಕಿ ಇತ್ತೆಂಬ ಅಳುಕು ಇರಬೇಕಾಗಿಲ್ಲ. ಬ್ರೊಮೊದ ಪಕ್ಕದಲ್ಲಿ ಎಲೆಕೋಸು ಬೆಳೆಯುವವನಿಗೆ ಆ ನೆಮ್ಮದಿ ಇಲ್ಲ.

ಪ್ರವಾಸಿಗಳಿಗೆ ಅಲ್ಲಿ ಒಂದು ಸಿದ್ಧ ಕಾರ್ಯಕ್ರಮ ಇದೆ. ನಡುರಾತ್ರಿ ಮೂರು ಗಂಟೆಗೆ ಎಬ್ಬಿಸಿ, ಹಳೆಯ ಟೊಯೋಟಾ ಜೀಪಿನಲ್ಲಿ ತುಂಬಿ, ಎದುರಿನ ಪೆನಾಂಜಾಕನ್ ಗುಡ್ಡಕ್ಕೆ ಕರೆದೊಯ್ದು ಸೂರ್ಯೋದಯ ತೋರಿಸುತ್ತಾರೆ. ಬಾಡಿಗೆಗೆ ಕೊಟ್ಟ ಜಾಕೆಟ್ಟುಗಳಲ್ಲಿ ಹಿಂದಿನವರ ಬೆವರಿನ ವಾಸನೆ. ಸೂರ್ಯ ಬರುವ ಹೊತ್ತಿಗೆ ನನ್ನ ಮುಂದೆ ಎತ್ತಿ ಹಿಡಿದ ಮೊಬೈಲುಗಳು ಎಷ್ಟಿದ್ದವೆಂದರೆ, ಅವುಗಳ ಪರದೆಯಲ್ಲೇ ನಾನು ಸೂರ್ಯೋದಯ ನೋಡಿದೆ. ನೋಟ ದೊಡ್ಡದೇ, ಇಲ್ಲ ಎನ್ನುವುದಿಲ್ಲ. ಆದರೆ ಅಗ್ನಿಪರ್ವತವನ್ನು ಅಷ್ಟು ದೂರದಿಂದ ನೋಡಿದರೆ ಅದರ ಸದ್ದು ಕೇಳುವುದಿಲ್ಲ, ವಾಸನೆ ಬರುವುದಿಲ್ಲ. ನನ್ನ ಮಟ್ಟಿಗೆ ಅದು ಅರ್ಧ ಪ್ರವಾಸ.

ನಾವು ಹೋಗಿದ್ದು ಕೆಲವು ವರ್ಷಗಳ ಹಿಂದೆ, ಕಸಾದಾ ಹುಣ್ಣಿಮೆಯ ಹೊತ್ತಿಗೆ. ತೆಂಗೆರ್ ಪಂಚಾಂಗದ ಹನ್ನೆರಡನೆಯ ತಿಂಗಳು ಕಸಾದಾ. ಆ ತಿಂಗಳ ಹುಣ್ಣಿಮೆಯ ರಾತ್ರಿ ಸುತ್ತಲಿನ ಹಳ್ಳಿಗಳವರೆಲ್ಲ ಬ್ರೊಮೊಗೆ ಬರುತ್ತಾರೆ. ಆಗ ಹೊರಗಿನವರೂ ಅವರ ಜೊತೆ ಹೋಗಬಹುದಿತ್ತು. ಈಚಿನ ವರ್ಷಗಳಲ್ಲಿ ಆ ದಿನಗಳಲ್ಲಿ ರಾಷ್ಟ್ರೀಯ ಉದ್ಯಾನದ ಬಾಗಿಲನ್ನು ಪ್ರವಾಸಿಗರಿಗೆ ಮುಚ್ಚುತ್ತಿದ್ದಾರೆ. ಒಳ್ಳೆಯದೇ. ಅವರ ಪೂಜೆಯ ನಡುವೆ ನಮ್ಮ ಸೆಲ್ಫಿ ಕೋಲು ಯಾಕೆ?

ಜೀಪು ಬಿಟ್ಟು ನಡೆದೆವು. ಬಟ್ಟಲಿನ ಗೋಡೆ ಇಳಿದರೆ ಮರಳು ಶುರು. ಹೆಸರಿಗೆ ಮರಳಸಾಗರ, ನಿಜಕ್ಕೆ ಬೂದಿ. ಹೆಜ್ಜೆ ಇಟ್ಟಲ್ಲಿ ಪುಸ್ ಎಂದು ಏಳುತ್ತದೆ, ಶೂ ಒಳಗೆ ಸೇರುತ್ತದೆ, ಹಲ್ಲಿನ ನಡುವೆ ಕರಕರ ಎನ್ನುತ್ತದೆ. ಬೆಳದಿಂಗಳಿತ್ತು, ಆದರೆ ಮೋಟರ್ ಬೈಕುಗಳು ಎಬ್ಬಿಸಿದ ಧೂಳಿನಲ್ಲಿ ಚಂದ್ರ ಕೆಂಪಗಾಗಿದ್ದ. “ಕುದಾ! ಕುದಾ!” ಎಂದು ಕೂಗುತ್ತಾ ಕುದುರೆಯವರು ಪಕ್ಕದಲ್ಲೇ ಬರುತ್ತಿದ್ದರು. ದಪ್ಪಗಿದ್ದವರ ಪಕ್ಕದಲ್ಲಿ ಸ್ವಲ್ಪ ಹೆಚ್ಚು ಹೊತ್ತು. ನನ್ನ ಪಕ್ಕದಲ್ಲಿ ಬಹಳ ಹೊತ್ತು ಬಂದರು.

ಮರಳಿನ ನಡುವೆ, ಬ್ರೊಮೊದ ಬುಡದಲ್ಲಿ, ಕಪ್ಪು ಕಲ್ಲಿನ ದೇವಸ್ಥಾನ: ಪುರಾ ಲುಹುರ್ ಪೋತೆನ್. ಬಾಲಿಯ ಗುಡಿಗಳಂತೆ ಮೇಲೆ ಮಾಡು ಕಡಿಮೆ, ಅಂಗಳವೇ ಹೆಚ್ಚು. ಗಾಮೆಲಾನ್ ವಾದ್ಯಗಳನ್ನು ಬಾರಿಸುತ್ತಿದ್ದರು. ಇಲ್ಲಿನ ಅರ್ಚಕರನ್ನು ದುಕುನ್ ಪಂಡಿತ ಎನ್ನುತ್ತಾರೆ. ಹೊಸಬರಿಗೆ ಆ ರಾತ್ರಿಯೇ ಪರೀಕ್ಷೆ. ಎಲ್ಲರೆದುರು ಮಂತ್ರವನ್ನು ತಡವರಿಸದೆ ಹೇಳಬೇಕು. ಹೇಳುತ್ತಿದ್ದ ಯುವಕನ ಧ್ವನಿ ಗಟ್ಟಿಯಾಗಿತ್ತು, ಮಡಿಲಲ್ಲಿದ್ದ ಕೈ ಮಾತ್ರ ಅಲುಗುತ್ತಿತ್ತು. ಪುರೋಹಿತನಾಗಲು ಪರೀಕ್ಷೆ ಬೇಕು, ಅದೂ ಊರಿನವರ ಕಣ್ಣೆದುರಿಗೆ ಎಂಬ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ನಮ್ಮ ಕೆಲವು ಮದುವೆ ಮನೆಗಳನ್ನು ನೆನೆದುಕೊಂಡೆ.

ಬೆಳಗಿನ ಜಾವ ಜನ ಮೇಲೆ ಹೊರಟರು. ಹತ್ತುವುದು ಅಂಥ ಸಾಹಸವೇನಲ್ಲ. ಬಟ್ಟಲಿನ ತಳವೇ ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿರುವುದರಿಂದ ಉಳಿದ ಏರು ಕಡಿಮೆ. ಕೊನೆಗೆ ಸುಮಾರು 250 ಮೆಟ್ಟಿಲು. ಅರ್ಧ ಮೆಟ್ಟಿಲುಗಳು ಬೂದಿಯಲ್ಲಿ ಹೂತುಹೋಗಿ ಇಳಿಜಾರಾಗಿವೆ. ಮೇಲಿನಿಂದ ಬರುವ ಗಂಧಕದ ಗಾಳಿ ಒಮ್ಮೊಮ್ಮೆ ಕೆಳಕ್ಕೆ ತಿರುಗಿದಾಗ ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಕೆಮ್ಮುತ್ತಾರೆ. ಕಣ್ಣು ಉರಿದು ನೀರು ಬರುತ್ತದೆ. ನನ್ನ ಮುಂದೆ ಇಬ್ಬರು ಗಂಡಸರು ಅಡ್ಡೆಯಲ್ಲಿ ‘ಓಂಗ್ಕೆಕ್’ ಹೊತ್ತು ಹತ್ತುತ್ತಿದ್ದರು. ಬಿದಿರಿನ ಚೌಕಟ್ಟಿಗೆ ಹೊಲದಲ್ಲಿ ಬೆಳೆದದ್ದನ್ನೆಲ್ಲ ಕಟ್ಟಿ ಅಲಂಕರಿಸಿದ ನೈವೇದ್ಯ ಅದು: ಎಲೆಕೋಸು, ಕ್ಯಾರೆಟ್, ಮೆಕ್ಕೆಜೋಳದ ತೆನೆ, ಬಾಳೆ, ಬಾಡದ ಬೆಟ್ಟದ ಹೂವು.

ತುದಿಯಲ್ಲಿ ಗುಡಿ ಇಲ್ಲ ಎಂದೆನಲ್ಲ, ಆದರೂ ಅಂಚಿನ ಮೇಲೆ ಬಯಲಲ್ಲಿ ಒಬ್ಬ ಗಣಪತಿ ಇದ್ದಾನೆ. ಸಣ್ಣ ವಿಗ್ರಹ, ಮೈಯೆಲ್ಲ ಬೂದಿ, ಮುಂದೆ ಹೂವು. ಏಳುನೂರು ವರ್ಷಗಳಿಂದ ಈತನೇ ಅಗ್ನಿಪರ್ವತವನ್ನು ತಡೆಹಿಡಿದಿದ್ದಾನೆ ಎಂಬ ಸಂದೇಶ ನಮ್ಮ ವಾಟ್ಸಾಪಿನಲ್ಲಿ ಹಬ್ಬದ ಹೊತ್ತಿಗೆಲ್ಲ ಸುತ್ತುತ್ತದೆ. ಆತನ ವಯಸ್ಸಿನ ಗೊಡವೆ ನನಗೆ ಬೇಡ. ತಡೆಹಿಡಿದ ಮಾತಂತೂ ನಿಜವಲ್ಲ. ಬ್ರೊಮೊ ಬೇಕೆಂದಾಗಲೆಲ್ಲ ಸಿಡಿದಿದೆ. 2004ರ ಜೂನ್‌ನಲ್ಲಿ ಹೇಳದೆ ಕೇಳದೆ ಕಲ್ಲು ತೂರಿ ಅಂಚಿನ ಬಳಿಯಿದ್ದ ಇಬ್ಬರನ್ನು ಕೊಂದಿತು. ಗಣಪತಿ ಅಲ್ಲಿ ಕಾವಲಿಗಲ್ಲ, ಜೊತೆಗೆ ಕೂತಿದ್ದಾನೆ ಎಂದುಕೊಂಡರೆ ಹೆಚ್ಚು ಸರಿ.

ಅಂಚು ಎಂದರೆ ಎಷ್ಟು ಅಗಲ? ಇಬ್ಬರು ಎದುರುಬದುರಾದರೆ ಒಬ್ಬರು ಒತ್ತರಿಸಿ ನಿಲ್ಲಬೇಕು. ಮೆಟ್ಟಿಲು ಮುಗಿಯುವ ಕಡೆ ಸ್ವಲ್ಪ ದೂರ ಗಿಡ್ಡ ಕಟಕಟೆ ಇದೆ, ಮುಂದೆ ಅದೂ ಇಲ್ಲ. ಒಂದು ಕಡೆ ಮರಳಸಾಗರಕ್ಕೆ ಇಳಿಜಾರು, ಇನ್ನೊಂದು ಕಡೆ ಕುಳಿ. ಒಳಗೋಡೆಯ ಮೇಲೆ ಮಳೆ ಕೊರೆದ ಗೀರುಗಳು, ಅಲ್ಲಲ್ಲಿ ಗಂಧಕದ ಹಳದಿ. ತಳ ಹೊಗೆಯಲ್ಲಿ ಕಾಣುವುದಿಲ್ಲ. ಆದರೆ ಸದ್ದು ಬರುತ್ತದೆ. ಗುಡುಗಿನ ಹಾಗೆ ಬಂದು ಹೋಗುವ ಸದ್ದಲ್ಲ, ನಿಲ್ಲುವುದೇ ಇಲ್ಲ. ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಭಾವಮೈದ ಹೊಂಡದ ಮಾತು ಬಿಟ್ಟು ಕಟಕಟೆ ಹಿಡಿದುಕೊಂಡ.

ಆಮೇಲೆ ಕಂಡದ್ದು ಜನ. ಹೊಗೆ ಸರಿದಾಗ, ಕುಳಿಯ ಒಳಗೋಡೆಯ ಮೇಲೆ, ನಾವು ನಿಂತ ಅಂಚಿನಿಂದ ನಾಲ್ಕಾರು ಆಳು ಕೆಳಗೆ, ಹತ್ತಾರು ಜನ ನಿಂತಿದ್ದರು! ಬೂದಿಯ ಇಳಿಜಾರಿನಲ್ಲಿ ಹಿಮ್ಮಡಿ ಊರಿಕೊಂಡು, ಕೆಲವರು ಬಿದಿರ ಗಳುವಿನ ತುದಿಗೆ ಬಲೆ ಕಟ್ಟಿ ಹಿಡಿದು, ಕೆಲವರು ಸಾರೋಂಗನ್ನೇ ಜೋಳಿಗೆ ಮಾಡಿ ಮೇಲೆ ನೋಡುತ್ತಿದ್ದರು. ಬೆನ್ನ ಹಿಂದೆ ಭೂಮಿಯ ಬಾಯಿ. ಅವರ ಗಮನವೆಲ್ಲ ನಮ್ಮ ಕಡೆ.

ಮೇಲಿನವರು ಎಸೆಯತೊಡಗಿದರು. ಎಲೆಕೋಸು, ಆಲೂಗೆಡ್ಡೆ, ಹೂವು, ನೋಟು, ನಾಣ್ಯ. ನನ್ನ ಪಕ್ಕದಲ್ಲಿ ಒಬ್ಬ ಮುದುಕಿ ಈರುಳ್ಳಿ ಸೊಪ್ಪಿನ ಕಟ್ಟೊಂದನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಬೇರಿನ ಮಣ್ಣನ್ನು ಚೆನ್ನಾಗಿ ತೊಳೆದಿದ್ದಳು. ಕಣ್ಣು ಮುಚ್ಚಿ ತುಟಿಯಲ್ಲೇ ಏನನ್ನೋ ಹೇಳಿಕೊಂಡು, ತೋಳಿನ ಶಕ್ತಿಯೆಲ್ಲ ಹಾಕಿ ಬೀಸಿ ಎಸೆದಳು. ಕಟ್ಟು ಕುಳಿಗೆ ಬೀಳಲಿಲ್ಲ. ಕೆಳಗೆ ನಿಂತಿದ್ದ ಹುಡುಗನ ಬಲೆ ಪಕ್ಕಕ್ಕೆ ಸರಿಯಿತು, ಕಟ್ಟು ಅದರೊಳಗೆ ಬಿತ್ತು. ಮುದುಕಿ ಸಿಟ್ಟಾಗಬಹುದೆಂದು ನೋಡಿದೆ. ಅವಳು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. ಹುಡುಗನೂ ನಕ್ಕ. ಅಷ್ಟರಲ್ಲಿ ಯಾರೋ ಕೋಳಿಯೊಂದನ್ನು ಬಿಟ್ಟರು. ಅದು ರೆಕ್ಕೆ ಬಡಿದು ಯಾರ ಬಲೆಗೂ ಸಿಗದೆ ಇಳಿಜಾರಿನಲ್ಲಿ ಓಡಿದಾಗ ನಾಲ್ಕು ಜನ ಅದರ ಹಿಂದೆ ಬಿದ್ದರು. ಪೂಜೆಯ ನಡುವೆ ಒಂದು ಆಟ ಎದ್ದುಬಿಟ್ಟಿತು.

ಹಿಡಿಯುವವರಲ್ಲಿ ಹೆಚ್ಚಿನವರು ಈ ಪೂಜೆಯವರಲ್ಲ, ಕೆಳಗಿನ ಊರುಗಳ ಬಡವರು, ಬೇರೆ ಮತದವರೂ ಇದ್ದಾರೆ ಎಂದು ನಮ್ಮ ಜೀಪಿನ ಚಾಲಕ ಆಮೇಲೆ ಹೇಳಿದ. ಅದಕ್ಕೆ ಯಾರ ತಕರಾರೂ ಇಲ್ಲ. ಕೊಡುವವನ ಕೆಲಸ ಕೈ ಬಿಟ್ಟಲ್ಲಿಗೆ ಮುಗಿಯಿತು. ನಮ್ಮ ಜಾತ್ರೆಗಳಲ್ಲಿ ತೇರಿಗೆ ಎಸೆದ ಹಣ್ಣು ಜವನವನ್ನು ಆ ಬದಿಯವರು ಹಿಡಿದು ತಿನ್ನುತ್ತಾರಲ್ಲ, ಅದೇ ಲೆಕ್ಕ. ಒಂದೇ ವ್ಯತ್ಯಾಸ: ಇಲ್ಲಿ ಕಾಲು ಜಾರಿದರೆ ಹಿಡಿಯುವವನೇ ನೈವೇದ್ಯ.

ಈ ನೈವೇದ್ಯದ ಹಿಂದೆ ಒಂದು ಕತೆ ಇದೆ. ಮಜಾಪಹಿತ್ ಅರಸನ ಮಗಳು ರೊರೊ ಆಂತೆಂಗ್, ಅವಳ ಗಂಡ ಜೊಕೊ ಸೆಗೆರ್. ಇಬ್ಬರ ಹೆಸರಿನ ಕೊನೆಯ ಭಾಗ ಸೇರಿಯೇ ತೆಂಗೆರ್ ಆಯಿತೆನ್ನುತ್ತಾರೆ. ಮಕ್ಕಳಿಲ್ಲದ ದಂಪತಿ ಬೆಟ್ಟದ ದೇವರಲ್ಲಿ ಬೇಡಿಕೊಂಡರು. ಮಕ್ಕಳು ಕೊಡುತ್ತೇನೆ, ಕೊನೆಯದನ್ನು ನನಗೆ ಕೊಡಬೇಕು ಎಂದಿತು ಬೆಟ್ಟ. ಇಪ್ಪತ್ತೈದು ಮಕ್ಕಳಾದವು. ಕೊನೆಯ ಮಗ ಕೆಸುಮಾನನ್ನು ಕೊಡಲು ತಾಯಿಗೆ ಮನಸ್ಸು ಬರಲಿಲ್ಲ. ಬೆಟ್ಟ ಸಿಡಿದು ಹುಡುಗನನ್ನು ಎಳೆದುಕೊಂಡಿತು. ಆಮೇಲೆ ಕುಳಿಯೊಳಗಿಂದ ಅವನದೇ ದನಿ ಬಂತಂತೆ: ನಾನು ಬಂದಿದ್ದೇನೆ, ನೀವು ಸುಖವಾಗಿರಿ, ವರ್ಷಕ್ಕೊಮ್ಮೆ ನೀವು ಬೆಳೆದದ್ದನ್ನು ತಂದುಕೊಡಿ.

ನಮ್ಮ ಹರಕೆಯ ಲೆಕ್ಕವೇ ಬೇರೆ. ಮೊದಲು ಕೇಳುತ್ತೇವೆ, ಕೆಲಸ ಆದರೆ ಕೊಡುತ್ತೇವೆ. ಆಗದಿದ್ದರೆ ಸುಮ್ಮನಿರುತ್ತೇವೆ. ಆದ ಮೇಲೂ ಮುಡಿ ಕೊಡಲು ಮುಂದಿನ ರಜೆ ಬರಲಿ ಎನ್ನುವವರುಂಟು. ತೆಂಗೆರ್ ಜನ ತೀರಿಸುತ್ತಿರುವುದು ಅಜ್ಜಿಯ ಅಜ್ಜಿ ಮಾಡಿದ ಸಾಲ. ಅಸಲು ಎಂದೋ ಸಂದಾಯವಾಗಿದೆ, ಬಡ್ಡಿ ಮಾತ್ರ ಈರುಳ್ಳಿ ಸೊಪ್ಪಿನ ರೂಪದಲ್ಲಿ ವರ್ಷವರ್ಷ ಹೋಗುತ್ತಿದೆ. ಬೆಟ್ಟ ವಸೂಲಿ ಮಾಡುವವನೂ ಹೌದು, ಸಾಲ ಕೊಟ್ಟವನೂ ಹೌದು. 2010ರ ಕೊನೆಯಲ್ಲಿ ಶುರುವಾದ ಸ್ಫೋಟ ಮುಂದಿನ ವರ್ಷಕ್ಕೂ ನಡೆದು, ಹೊಲಗಳ ಮೇಲೆ ಬೂದಿ ಸುರಿದು ಬೆಳೆ ಹಾಳಾಯಿತು. 2015ರ ಕೊನೆಯಲ್ಲಿ ಮತ್ತೆ ಬೂದಿ. ಆದರೆ ಇಳಿಜಾರಿನಲ್ಲಿ ಅಷ್ಟು ದಪ್ಪ ಎಲೆಕೋಸು ಬರುವುದೂ ಹಿಂದಿನ ಬೂದಿಗಳಿಂದಲೇ. ಇದನ್ನು ಅವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಬೆಟ್ಟದಿಂದ ಏನನ್ನೂ ಪಡೆಯದ ಪ್ರವಾಸಿಗರಾದ ನಾವು ಅಲ್ಲಿಗೆ ಏನು ಕೊಡುತ್ತೇವೆ ಎಂಬುದಕ್ಕೂ ಒಂದು ಉದಾಹರಣೆ ಇದೆ. 2023ರ ಸೆಪ್ಟೆಂಬರಿನಲ್ಲಿ ಮದುವೆಗೆ ಮೊದಲಿನ ಫೋಟೊ ತೆಗೆಸಿಕೊಳ್ಳಲು ಬಂದ ಜೋಡಿಯೊಂದರ ತಂಡ, ಚಿತ್ರ ಚೆನ್ನಾಗಿ ಬರಲೆಂದು ಬಣ್ಣದ ಹೊಗೆಬತ್ತಿ ಹಚ್ಚಿತು. ಕಿಡಿ ಒಣಹುಲ್ಲಿಗೆ ತಗುಲಿ ನೂರಾರು ಹೆಕ್ಟೇರ್ ಸುಟ್ಟುಹೋಯಿತು. ಪಕ್ಕದಲ್ಲೇ ಪುಕ್ಕಟೆಯಾಗಿ ಅಷ್ಟು ಹೊಗೆ ಬರುತ್ತಿರುವಾಗ ಇವರಿಗೆ ಬೇರೆ ಹೊಗೆ ಬೇಕಾಯಿತು.

ಬ್ರೊಮೊಗೆ ಹೋಗುವ ಮನಸ್ಸಿದ್ದರೆ ಮೇ ತಿಂಗಳಿಂದ ಸೆಪ್ಟೆಂಬರಿನೊಳಗೆ ಹೋಗಿ, ಅದು ಅಲ್ಲಿ ಮಳೆಯಿಲ್ಲದ ಕಾಲ. ಜುಲೈ, ಆಗಸ್ಟಿನಲ್ಲಿ ಮರಳಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳೂ ಇರುತ್ತವೆ. ಮನೆಯಿಂದಲೇ ಬೆಚ್ಚನೆಯ ಬಟ್ಟೆ ಒಯ್ಯಿರಿ, ಬಾಡಿಗೆ ಜಾಕೆಟ್ಟಿನ ವಿಷಯ ಆಗಲೇ ಹೇಳಿದೆ. ಮೂಗಿಗೆ ಮಾಸ್ಕ್ ಇರಲಿ. ಹೊರಡುವ ಮುಂಚೆ ಅಲ್ಲಿನ ಎಚ್ಚರಿಕೆಯ ಮಟ್ಟ ನೋಡಿಕೊಳ್ಳಿ: ನಾರ್ಮಲ್, ವಾಸ್ಪಾದಾ, ಸಿಯಾಗಾ, ಆವಾಸ್ ಎಂದು ನಾಲ್ಕು ಹಂತ. ಕುಳಿಯಿಂದ ಇಷ್ಟು ದೂರ ಇರಬೇಕು ಎಂದು ಹೇಳಿದ್ದರೆ ಅಷ್ಟು ದೂರವೇ ಇರಿ, ಕುದುರೆಯವನು ಏನೇ ಹೇಳಲಿ. ಹತ್ತಲು ಬಿಟ್ಟ ದಿನವಾದರೆ ಜೀಪಿನವನಿಗೆ ಚೆಮೊರೊ ಲಾವಾಂಗಿನಲ್ಲೇ ನಿಲ್ಲಲು ಹೇಳಿ, ಮರಳನ್ನು ಕಾಲಲ್ಲೇ ದಾಟಿ. ಮತ್ತೆ, ಮೇಲೆ ಗುಡಿ ಹುಡುಕಬೇಡಿ.